ಅತ್ತೆಯ ಸಹಿ, ಪುಟ್ಟಿಯ ಐದು ಅಂಕ

ಅರಕಲಗೂಡು ತಾಲ್ಲೂಕಿನಲ್ಲಿ ನಮ್ಮ ತಾತನ ಹೆಸರಿಗೆ 2 ಎಕರೆ 20 ಗುಂಟೆ ಜಮೀನಿದೆ. ತಾತ ತೀರಿಕೊಂಡು 25 ವರ್ಷದ ಮೇಲಾಯ್ತು. ಆದರೆ ಪಹಣಿಯಲ್ಲಿ ಅವರು ಇನ್ನೂ ಬದುಕಿದ್ದಾರೆ! ನಮ್ಮ ಕಡೆ ಇದೇನು ವಿಶೇಷವಲ್ಲ ಬಿಡಿ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ತಾತ ಪಹಣಿಯಲ್ಲಿ ಬದುಕಿರಬಹುದು.

ಜಮೀನು ಉಳುತ್ತಿರುವವರು ಚಿಕ್ಕಪ್ಪ. ಒಂದು ಕಡೆ ಮುಸುಕಿನ ಜೋಳ, ಒಂದು ಕಡೆ ಶುಂಠಿ. ಸೊಸೈಟಿಯಲ್ಲಿ ಬೆಳೆ ಸಾಲ ಕೇಳಲು ಹೋದರೆ "ಖಾತೆ ಯಾರ ಹೆಸರಲ್ಲಿದೆ?" ಅಂತಾರೆ. ನಮ್ಮಪ್ಪ ಇದ್ದಾಗ "ಮಾಡ್ಸೋಣ ಮಾಡ್ಸೋಣ" ಅಂತಲೇ ದಿನ ಕಳೆಯಿತು. ಎರಡು ವರ್ಷದ ಹಿಂದೆ ಅಪ್ಪನೂ ಹೋದರು. ಈಗ ಚಿಕ್ಕಪ್ಪನಿಗೆ ಅವಸರ. ವಂಶವೃಕ್ಷ ತೆಗೆಸಿದರು. ಅದರಲ್ಲಿ ತಾತನಿಗೆ ಮೂರು ಮಕ್ಕಳು: ಚನ್ನರಾಯಪಟ್ಟಣಕ್ಕೆ ಕೊಟ್ಟಿರುವ ಅತ್ತೆ, ನಮ್ಮಪ್ಪ, ಚಿಕ್ಕಪ್ಪ.

"ಅಕ್ಕನ ಕೈಲಿ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸ್ಬಿಟ್ರೆ ನಮ್ಮಿಬ್ರದ್ದೇ ಆಗುತ್ತೆ. ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡೋಣ. ನೀನು ಕಾರಲ್ಲಿ ಕರ್ಕೊಂಡು ಬಾ" ಅಂತ ಚಿಕ್ಕಪ್ಪ ಫೋನ್ ಮಾಡಿದರು. ಅಮ್ಮನೂ ಹೂಂ ಅಂದಳು. ದಸರಾ ರಜೆಯ ನಡುವೆ ಒಂದು ಶುಕ್ರವಾರ ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟೆ.

ಹಿಂದಿನ ರಾತ್ರಿ ಫೋನಿನಲ್ಲಿ ಈ ವಿಷಯದ ಕಾನೂನನ್ನು ಹುಡುಕಿ ಓದಿದ್ದೆ. ಓದಿ, ಏನೂ ಓದಿಲ್ಲದವನ ಹಾಗೆ ಮಲಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಚನ್ನರಾಯಪಟ್ಟಣ: ಒಂದು ಊರು, ಎರಡು ನಕ್ಷೆ

ನೆಲಮಂಗಲ, ಕುಣಿಗಲ್, ಯಡಿಯೂರು ದಾಟಿ ಹಿರೀಸಾವೆ ಬಂತೆಂದರೆ ಹಾಸನ ಜಿಲ್ಲೆ ಬಂದಂತೆ. ರಸ್ತೆಯ ಎರಡೂ ಕಡೆ ತೆಂಗಿನ ತೋಟ ಶುರು. ಚನ್ನರಾಯಪಟ್ಟಣದ ಅತ್ತೆ ಮನೆ ತಲುಪಿದಾಗ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಾದಿತ್ತು. ಅತ್ತೆ ಆಗಲೇ ಒಳ್ಳೆ ಸೀರೆ ಉಟ್ಟು ತಯಾರು. ತವರಿಗೆ ಹೋಗುವ ಹೆಂಗಸಿನ ಸಡಗರ ಅರವತ್ತರಲ್ಲೂ ಕಮ್ಮಿಯಾಗುವುದಿಲ್ಲ ಅಂತ ಕಾಣುತ್ತೆ.

ಭಾವನ ಮಗಳು ಪುಟ್ಟಿ ಒಂಬತ್ತನೇ ಕ್ಲಾಸು. "ಮಾವ, ನಾನೂ ಬರ್ತೀನಿ" ಅಂತ ಬ್ಯಾಗು ಹಿಡಿದು ನಿಂತಿದ್ದಳು. ಬ್ಯಾಗಿನಲ್ಲಿ ಸಮಾಜ ವಿಜ್ಞಾನದ ಪುಸ್ತಕ. ರಜೆ ಮುಗಿದ ಕೂಡಲೇ ಪರೀಕ್ಷೆಯಂತೆ. ಕಾರು ಊರು ಬಿಡುವ ಮೊದಲೇ ಹಿಂದಿನ ಸೀಟಿನಿಂದ ಮಂತ್ರ ಶುರುವಾಯಿತು.

"ಸರ್ಕಾರದ ಮೂರು ಅಂಗಗಳು: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಶಾಸಕಾಂಗ ಕಾನೂನು ಮಾಡುತ್ತದೆ. ಕಾರ್ಯಾಂಗ ಜಾರಿಗೆ ತರುತ್ತದೆ. ನ್ಯಾಯಾಂಗ ಕಾನೂನನ್ನು ವ್ಯಾಖ್ಯಾನಿಸುತ್ತದೆ."

"ಎಷ್ಟು ಮಾರ್ಕ್ಸಿಗೆ?" ಅಂದೆ.

"ಐದು. ವಿವರಿಸಿ ಅಂತ ಬರುತ್ತೆ. ವಿವರಿಸೋಕೇ ಬರಲ್ಲ."

ನಮಗಾದರೂ ಎಲ್ಲಿ ಬರುತ್ತಿತ್ತು ಹೇಳಿ? ನಾವೂ ಹೀಗೇ ಮೂರು ಸಾಲು ಬಾಯಿಪಾಠ ಹೊಡೆದು ಪಾಸಾದವರು. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿದೆ. ತಹಶೀಲ್ದಾರರು ಯಾವ ಅಂಗ, ಎಂಎಲ್‌ಎ ಯಾವ ಅಂಗ ಅಂತ ಥಟ್ಟನೆ ಕೇಳಿದರೆ ಹೇಳುವ ಮೊದಲು ನಾನೇ ಒಂದು ಕ್ಷಣ ತಡವರಿಸುತ್ತೇನೆ.

ಪುಟ್ಟಿಗೆ ಅವಳ ಊರನ್ನೇ ಉದಾಹರಣೆ ಕೊಟ್ಟೆ. "ನಿಮ್ಮೂರಿನ ತಹಶೀಲ್ದಾರರ ಆಫೀಸಿನ ಬೋರ್ಡಲ್ಲಿ ಏನಿದೆ?"

"ಚನ್ನರಾಯಪಟ್ಟಣ ತಾಲ್ಲೂಕು."

"ನಿಮ್ಮೂರಿನ ಎಂಎಲ್‌ಎ ಯಾವ ಕ್ಷೇತ್ರದವರು?"

"ಶ್ರವಣಬೆಳಗೊಳ. ಹೌದಲ್ವಾ! ಅದ್ಯಾಕೆ ಹಂಗೆ?"

ಇದು ನನಗೂ ಬಹಳ ದಿನ ಗೊಂದಲವಾಗಿತ್ತು. ತಾಲ್ಲೂಕು ಅನ್ನುವುದು ಆಡಳಿತದ ನಕ್ಷೆ, ಅಂದರೆ ಕಾರ್ಯಾಂಗದ್ದು. ಕಂದಾಯ, ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು ಎಲ್ಲ ಈ ನಕ್ಷೆಯ ಪ್ರಕಾರ ನಡೆಯುತ್ತವೆ. ವಿಧಾನಸಭಾ ಕ್ಷೇತ್ರ ಅನ್ನುವುದು ಶಾಸಕಾಂಗದ ನಕ್ಷೆ. ಜನಸಂಖ್ಯೆ ನೋಡಿ ಅದರ ಗಡಿ ಹಾಕುವುದು ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಲೇಬೇಕು ಅಂತಿಲ್ಲ. ಹಾಸನ ಜಿಲ್ಲೆಯಲ್ಲಿ ತಾಲ್ಲೂಕು 8, ವಿಧಾನಸಭಾ ಕ್ಷೇತ್ರ 7. ಆಲೂರು ತಾಲ್ಲೂಕಿದೆ, ಆಲೂರು ಹೆಸರಿನ ಕ್ಷೇತ್ರವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿದೆ, ಕ್ಷೇತ್ರದ ಹೆಸರು ಮಾತ್ರ ಬಾಹುಬಲಿ ನಿಂತಿರುವ ಶ್ರವಣಬೆಳಗೊಳದ್ದು. ಇನ್ನು ಹಾಸನ ಲೋಕಸಭಾ ಕ್ಷೇತ್ರಕ್ಕೆ ಈ ಏಳರ ಜೊತೆ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರೂ ಸೇರಿಕೊಳ್ಳುತ್ತದೆ.

"ಅಂದ್ರೆ ಕಡೂರಿನವರಿಗೆ ಡಿಸಿ ಬೇರೆ, ಎಂಪಿ ಬೇರೆ ಜಿಲ್ಲೆಯೋರು" ಅಂದಳು ಪುಟ್ಟಿ. ಅವಳಿಗೆ ಅರ್ಥವಾಗಿತ್ತು.

ಮುಂದಿನ ಸೀಟಿನಲ್ಲಿದ್ದ ಅತ್ತೆ, "ಎಷ್ಟು ನಕ್ಷೆ ಮಾಡಿದ್ರೇನು, ನಮ್ಮನೆ ಮುಂದ್ಲ ಚರಂಡಿಗೆ ಯಾರನ್ನ ಕೇಳ್ಬೇಕು ಅನ್ನೋದೇ ತಿಳಿಯಲ್ಲ" ಅಂದರು.

"ಅದಕ್ಕೆ ಪುರಸಭೆ ಅತ್ತೆ. ನಿಮ್ಮ ವಾರ್ಡಿನ ಸದಸ್ಯರು."

"ಓಟ್ ಕೇಳೋಕೆ ಎಂಎಲ್‌ಎನೂ ಚರಂಡಿ ಮಾಡಿಸ್ತೀನಿ ಅಂತಾರೆ ಕಣಪ್ಪ."

ನಾನು ಗೇರ್ ಬದಲಿಸಿ ಸುಮ್ಮನಾದೆ.

ಹೊಳೆನರಸೀಪುರ: ಹನ್ನೊಂದು ತಿಂಗಳೂ ತುಂಬದ ಪ್ರಧಾನಿ

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವಾಗ ತೆಂಗು ಕಮ್ಮಿಯಾಗುತ್ತಾ ಗದ್ದೆ ಬಯಲು ತೆರೆದುಕೊಳ್ಳುತ್ತದೆ. ಹೆಸರಲ್ಲೇ ಹೊಳೆ ಇಟ್ಟುಕೊಂಡಿರುವ ಊರು, ಹೇಮಾವತಿಯ ದಡದ್ದು. ಮೇಲ್ಗಡೆ ಗೊರೂರಿನಲ್ಲಿ ಅಣೆಕಟ್ಟು. ಮಳೆಗಾಲ ಮುಗಿದಿದ್ದರೂ ಹೊಳೆಯಲ್ಲಿ ನೀರು ಚೆನ್ನಾಗಿತ್ತು. ಕಾಫಿಗೆ ಅಂತ ಒಂದು ಹೋಟೆಲ್ ಮುಂದೆ ನಿಲ್ಲಿಸಿದೆ.

ಈ ಊರಿಗೆ ಬಂದು ಎಚ್.ಡಿ. ದೇವೇಗೌಡರ ಮಾತು ಬರದೇ ಇರುತ್ತದೆಯೇ? ಅವರು ಹುಟ್ಟಿದ ಹರದನಹಳ್ಳಿ ಇದೇ ತಾಲ್ಲೂಕಿನದು. 1962ರಲ್ಲಿ ಇದೇ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ಮೊದಲ ಸಲ ವಿಧಾನಸಭೆಗೆ ಹೋದವರು. ಅತ್ತೆಗೆ 1996ರ ಜೂನ್ ಚೆನ್ನಾಗಿ ನೆನಪಿದೆ.

"ಅವತ್ತು ಬೀದೀಲೆಲ್ಲಾ ಪಟಾಕಿ. ನಮ್ಮ ಜಿಲ್ಲೆಯೋರು ದಿಲ್ಲಿ ಗದ್ದುಗೆ ಹತ್ತಿದ್ರು ಅಂತ ನಿಮ್ಮ ಮಾವ ಮನೆಗೆಲ್ಲಾ ಮೈಸೂರುಪಾಕು ತಂದಿದ್ರು. ಆಮೇಲೆ ವರ್ಷ ತುಂಬೋದ್ರೊಳಗೆ ಇಳಿಸ್ಬಿಟ್ರಲ್ಲ."

"ಯಾರು ಇಳಿಸಿದ್ದು? ಕೋರ್ಟಾ?" ಪುಟ್ಟಿ ಕೇಳಿದಳು.

ಕೋರ್ಟಲ್ಲ. 1996ರ ಜೂನ್ 1ಕ್ಕೆ ಪ್ರಮಾಣವಚನ ತೆಗೆದುಕೊಂಡಾಗ ದೇವೇಗೌಡರು ಸಂಸತ್ತಿನ ಸದಸ್ಯರೇ ಆಗಿರಲಿಲ್ಲ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ನೇರ ಪ್ರಧಾನಿಯಾದರು. ಸಂವಿಧಾನದಲ್ಲಿ ಇದಕ್ಕೆ ಅವಕಾಶವಿದೆ, ಆದರೆ ಆರು ತಿಂಗಳೊಳಗೆ ಸಂಸತ್ತಿನ ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು. ಅವರು ರಾಜ್ಯಸಭೆಗೆ ಆಯ್ಕೆಯಾದರು. ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಅದನ್ನು ಹಿಂತೆಗೆದುಕೊಂಡಿತು. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ. ಅದರಲ್ಲಿ ಸೋತರು. ಏಪ್ರಿಲ್ 21ಕ್ಕೆ ಅವರ ಅಧಿಕಾರ ಮುಗಿಯಿತು. ಹನ್ನೊಂದು ತಿಂಗಳೂ ತುಂಬಲಿಲ್ಲ.

"ನೋಡು, ಪ್ರಧಾನಿ ಕಾರ್ಯಾಂಗದ ಯಜಮಾನರು. ಆದರೆ ಲೋಕಸಭೆಗೆ ನಂಬಿಕೆ ಇರೋವರೆಗೆ ಮಾತ್ರ ಯಜಮಾನರು. ಸಭೆ ಬೇಡ ಅಂದ್ರೆ ಎದ್ದು ಬರಬೇಕು. ಇದೇ ನಿನ್ನ ಪುಸ್ತಕದಲ್ಲಿರೋ 'ಕಾರ್ಯಾಂಗವು ಶಾಸಕಾಂಗಕ್ಕೆ ಹೊಣೆಯಾಗಿರುತ್ತದೆ' ಅನ್ನೋ ಸಾಲು."

"ಪ್ರಧಾನಿ ಇಳಿದ್ರೆ ತಹಶೀಲ್ದಾರರೂ ಇಳೀತಾರಾ?"

ಮಕ್ಕಳ ಪ್ರಶ್ನೆಗಳಿಗೆ ಹೆದರಬೇಕು. ಇಲ್ಲ, ಇಳಿಯುವುದಿಲ್ಲ. ಕಾರ್ಯಾಂಗದೊಳಗೇ ಎರಡು ಬಗೆ. ಮಂತ್ರಿಗಳದ್ದು ಬಂದು ಹೋಗುವ ಕಾರ್ಯಾಂಗ. ಮುಖ್ಯ ಕಾರ್ಯದರ್ಶಿಯಿಂದ ಹಿಡಿದು ಹಳ್ಳಿಯ ಗ್ರಾಮ ಆಡಳಿತ ಅಧಿಕಾರಿಯವರೆಗಿನದು ಉಳಿಯುವ ಕಾರ್ಯಾಂಗ. ಸರ್ಕಾರ ಬಿದ್ದ ದಿನವೂ ಪಹಣಿ ಸಿಗುತ್ತದೆಯಲ್ಲ, ಅದು ಎರಡನೆಯವರಿಂದ.

ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಲ್ಲಿದ್ದ ಫೈಲು ನೋಡಿದರು. "ಅದೇನಾ ನಾನು ಸಹಿ ಹಾಕ್ಬೇಕಾದ್ದು? ಕನ್ನಡಕ ಮನೇಲೇ ಬಿಟ್ಟು ಬಂದೆ. ಒಂದ್ಸಲ ಓದಿ ಹೇಳಪ್ಪ."

ಬೇಡ ಅನ್ನಲು ಕಾರಣವಿರಲಿಲ್ಲ. ಪತ್ರ ಬರಹಗಾರರು ವಾಟ್ಸಾಪಿನಲ್ಲಿ ಕಳಿಸಿದ್ದ ಕರಡನ್ನು ನಾನೇ ಪ್ರಿಂಟ್ ತೆಗೆಸಿ ತಂದಿದ್ದೆ. ಓದಿದೆ. ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ, ಅಂತ ಇತ್ತು.

ಅತ್ತೆ ತಲೆಯಾಡಿಸುತ್ತಾ ಕೇಳಿದರು. "ಸರಿ ಬಿಡು. ಮದುವೆ ಮಾಡಿ ಕಳಿಸಿದ್ ಮೇಲೆ ಹೆಣ್ಮಕ್ಳಿಗೆ ಹಕ್ಕೆಲ್ಲಿ ಬಂತು."

ಪುಟ್ಟಿ ದೋಸೆ ತಿನ್ನುವುದನ್ನು ನಿಲ್ಲಿಸಿದಳು. "ಅಜ್ಜಿಗೆ ಹಕ್ಕೇ ಇಲ್ಲಾಂದ್ರೆ ಬಿಟ್ಟುಕೊಡ್ತೀನಿ ಅಂತ ಯಾಕೆ ಬರೆಸ್ತಾರೆ ಮಾವ? ಇಲ್ಲದೇ ಇರೋದನ್ನ ಬಿಡೋದು ಹೆಂಗೆ?"

ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಗುತ್ತಿತ್ತು. ಹಿಂದಿನ ರಾತ್ರಿ ಓದಿದ್ದೆಲ್ಲ ನೆನಪಾಯಿತು. ಇನ್ನು ಸುಮ್ಮನಿರುವುದು ಸುಳ್ಳು ಹೇಳಿದಂತೆಯೇ.

"ಹಕ್ಕಿದೆ ಅತ್ತೆ" ಅಂದೆ. "ನಿಮಗೂ ಪಾಲಿದೆ. ಮೂರರಲ್ಲಿ ಒಂದು."

ಅತ್ತೆ ನನ್ನನ್ನೇ ನೋಡಿದರು.

ಆಮೇಲೆ ನಾನು ಹೇಳಿದ್ದನ್ನು ಇಲ್ಲಿ ಸ್ವಲ್ಪ ಜೋಡಿಸಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಅತ್ತೆಗೋ ಅಮ್ಮನಿಗೋ ಇದು ಬೇಕಾಗಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮೊದಲು ಗಂಡುಮಕ್ಕಳಿಗೆ ಮಾತ್ರ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳಿಗೆ ಅಪ್ಪನ ಪಾಲಿನೊಳಗೆ ಒಂದು ಪಾಲು ಕೊಟ್ಟಿತು, ಅಣ್ಣತಮ್ಮಂದಿರ ಸಮಕ್ಕೆ ನಿಲ್ಲಿಸಲಿಲ್ಲ. ಉತ್ತರಾಧಿಕಾರ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಸಂಸತ್ತೂ ಕಾನೂನು ಮಾಡಬಹುದು, ರಾಜ್ಯದ ಶಾಸನಸಭೆಯೂ ಮಾಡಬಹುದು. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಾನ ಹಕ್ಕು ಕೊಟ್ಟಿತು. ಇಡೀ ದೇಶದಲ್ಲಿ ಇದು ಬಂದಿದ್ದಕ್ಕಿಂತ ಹನ್ನೊಂದು ವರ್ಷ ಮೊದಲೇ!

ಆದರೆ ಅದರಲ್ಲೊಂದು ಷರತ್ತಿತ್ತು. ಆ ದಿನಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸುವುದಿಲ್ಲ.

"ನಂದು 84ರಲ್ಲಿ" ಅಂದರು ಅತ್ತೆ.

2005ರಲ್ಲಿ ಸಂಸತ್ತು ಇಡೀ ದೇಶಕ್ಕೆ ತಿದ್ದುಪಡಿ ತಂದಿತು. ಅದು ಜಾರಿಗೆ ಬಂದಿದ್ದು ಸೆಪ್ಟೆಂಬರ್ 9ಕ್ಕೆ. ಮದುವೆಯ ಷರತ್ತು ಅದರಲ್ಲಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಅಥವಾ ಕೋರ್ಟ್ ಡಿಕ್ರಿಯಿಂದ ಆಗಿಹೋಗಿದ್ದ ವಿಭಾಗಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಆಮೇಲೆ ಹೊಸ ಜಗಳ: 2005ಕ್ಕೆ ಮೊದಲೇ ಅಪ್ಪ ತೀರಿಹೋಗಿದ್ದರೆ ಮಗಳಿಗೆ ಹಕ್ಕುಂಟೋ ಇಲ್ಲವೋ? ಸುಪ್ರೀಂ ಕೋರ್ಟಿನದೇ ಎರಡು ತೀರ್ಪು ಎರಡು ಬಗೆ ಹೇಳಿದ್ದವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬರುವುದು, ಅವತ್ತು ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಹೇಳಿತು.

"ಮೂರೂ ಅಂಗ ಬಂತು!" ಅಂದಳು ಪುಟ್ಟಿ. "ಮಾಡಿದ್ದು ಶಾಸಕಾಂಗ, ಅರ್ಥ ಹೇಳಿದ್ದು ನ್ಯಾಯಾಂಗ. ಕಾರ್ಯಾಂಗ ಎಲ್ಲಿ?"

"ಅಲ್ಲಿಗೇ ಹೋಗ್ತಾ ಇದ್ದೀವಿ" ಅಂದೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಕಾರು ಹತ್ತುವಾಗ ಕೇಳಿದರು, "ನಿಂಗಿದು ಮೊದ್ಲೇ ಗೊತ್ತಿತ್ತಾ?"

"ನಿನ್ನೆ ರಾತ್ರಿ ಓದಿದೆ."

"ಬೆಳಿಗ್ಗೆ ರೊಟ್ಟಿ ತಿನ್ನುವಾಗ ಹೇಳ್ಬೋದಿತ್ತು" ಅಂದರು. ಅಷ್ಟೇ.

ಅರಕಲಗೂಡು: ವಿಧಾನವೇ ಇಲ್ಲದ ಮಿನಿ ವಿಧಾನಸೌಧ

ಹೊಳೆನರಸೀಪುರ ಬಿಟ್ಟು ಪಶ್ಚಿಮಕ್ಕೆ ಹೊರಟರೆ ನೆಲದ ಬಣ್ಣ ಬದಲಾಗುತ್ತಾ ಹೋಗುತ್ತದೆ. ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್‌ಗಳು, ಜೋಳದ ಹೊಲಗಳು. ಅ.ನ.ಕೃ. ಅವರ ಹೆಸರಿನ ಮೊದಲ 'ಅ' ಈ ಅರಕಲಗೂಡೇ. ಇನ್ನೂ ಮುಂದೆ ಹೋದರೆ ಕೊಣನೂರು, ರಾಮನಾಥಪುರ, ಸಂಗೀತಗಾರರ ರುದ್ರಪಟ್ಟಣ, ಕಾವೇರಿ. ಒಂದೇ ಬೆಳಿಗ್ಗೆ ಹೇಮಾವತಿಯಿಂದ ಕಾವೇರಿಯ ಸೀಮೆಗೆ ಬರುವುದು ನನಗೆ ಚಿಕ್ಕಂದಿನಿಂದ ಇಷ್ಟ. ಅವತ್ತು ಮಾತ್ರ ಕಾರಿನೊಳಗೆ ಸದ್ದಿರಲಿಲ್ಲ.

ತಾಲ್ಲೂಕು ಕಚೇರಿ ಇರುವ ಕಟ್ಟಡಕ್ಕೆ ನಮ್ಮ ಕಡೆಯ ಜನ ಇವತ್ತಿಗೂ ಮಿನಿ ವಿಧಾನಸೌಧ ಅಂತಲೇ ಅನ್ನುತ್ತಾರೆ. ಸರ್ಕಾರ ಇಂಥ ಕಟ್ಟಡಗಳಿಗೆ ಆಮೇಲೆ ತಾಲ್ಲೂಕು ಆಡಳಿತ ಸೌಧ ಅಂತ ಹೆಸರಿಟ್ಟಿತ್ತು. ಹೊಸ ಹೆಸರೇ ಸರಿ. ಇಲ್ಲಿ ಯಾವ ಕಾನೂನೂ ಆಗುವುದಿಲ್ಲ. ಕಾನೂನು ಆಗುವುದು ಬೆಂಗಳೂರಿನ ವಿಧಾನಸೌಧದಲ್ಲಿ, 224 ಜನರ ವಿಧಾನಸಭೆ ಮತ್ತು 75 ಜನರ ವಿಧಾನಪರಿಷತ್ತಿನಲ್ಲಿ. ಆದರೆ ಹಳೆ ಹೆಸರಿನಿಂದಲೋ ಏನೋ, ಇಲ್ಲಿ ಬರುವ ಅರ್ಧ ಜನ ಎಂಎಲ್‌ಎ ಒಂದು ಮಾತು ಹೇಳಿದರೆ ಎಲ್ಲ ಆಗಿಬಿಡುತ್ತದೆ ಅಂದುಕೊಂಡೇ ಮೆಟ್ಟಿಲು ಹತ್ತುತ್ತಾರೆ.

ಚಿಕ್ಕಪ್ಪ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಪತ್ರ ಬರಹಗಾರರ ಅಂಗಡಿ ಮುಂದೆ ಕಾಯುತ್ತಿದ್ದರು. ಅತ್ತೆಯನ್ನು ಕಂಡು ಕೈ ಹಿಡಿದು ಇಳಿಸಿಕೊಂಡರು. ಎಳನೀರು ತರಿಸಿದರು. ಎಳನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು ಅತ್ತೆ ಹೇಳಿದರು:

"ತಮ್ಮಾ, ಇವತ್ತು ನಾನು ಸಹಿ ಹಾಕಲ್ಲ ಕಣೋ."

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಏನ್ಲಾ ಇದು? ಅಕ್ಕನಿಗೆ ಏನ್ ತಲೆ ತುಂಬಿಸ್ಕೊಂಡು ಬಂದೆ?"

"ಅವನೇನೂ ತುಂಬಿಲ್ಲ. ನಾನೇ ಓದಿಸ್ಕೊಂಡೆ."

"ಜಮೀನಲ್ಲಿ ನಾನು ಬೆವರು ಸುರಿಸಿದ್ದೀನಿ ಅಕ್ಕಾ. ಸಾಲ ಸಿಗದೆ ಕೈಗಡ ಮಾಡಿ ಶುಂಠಿ ಹಾಕಿದ್ದೀನಿ. ನಿಂಗೆ ಏನು ಕಮ್ಮಿಯಾಗಿದೆ ಹೇಳು." ಚಿಕ್ಕಪ್ಪನ ದನಿ ಗಟ್ಟಿಯಾಯಿತು. ಸಾಕ್ಷಿಗೆ ಬಂದವರು ಬೀಡಿ ಹಚ್ಚಿಕೊಂಡು ಮರದ ಕಡೆ ಹೋದರು. ನಿಜ ಹೇಳಬೇಕೆಂದರೆ ಚಿಕ್ಕಪ್ಪನ ಮಾತಲ್ಲೂ ಸುಳ್ಳಿರಲಿಲ್ಲ.

ಅತ್ತೆ ಅಳಲಿಲ್ಲ, ರೇಗಲಿಲ್ಲ. "ನಂಗೆ ಹೊಲ ಬೇಕು ಅಂತ ನಾನೆಲ್ಲಿ ಹೇಳ್ದೆ? ನೀನೇ ಉಳು, ನೀನೇ ತಿನ್ನು. ಬೇಡ ಅನ್ನೋ ಪತ್ರ ತರೋಕೆ ಮುಂಚೆ, ನಿಂಗೂ ಇದೆ ಅಕ್ಕಾ ಅಂತ ಒಬ್ರಾದ್ರೂ ಹೇಳ್ಬೇಕಿತ್ತು. ನಿಮ್ಮಣ್ಣ ಇದ್ದಾಗ್ಲೂ ಹೇಳ್ಲಿಲ್ಲ. ಈಗ ನನ್ ಹೆಸ್ರು ಸೇರಿಸಿ ಖಾತೆ ಮಾಡ್ಸು. ಸಾಲಕ್ಕೆ ಎಲ್ಲಿ ಸಹಿ ಬೇಕೋ ಅಲ್ಲಿ ನಾನು ಬಂದು ಹಾಕ್ತೀನಿ."

ಚಿಕ್ಕಪ್ಪ ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತರು. ಆಮೇಲೆ, "ಎಂಎಲ್‌ಎ ಕಡೆಯೋರು ಒಬ್ರು ಗೊತ್ತು. ಅವ್ರಿಂದ ಒಂದು ಫೋನ್ ಮಾಡಿಸ್ತೀನಿ, ಜಂಟಿಯೋ ಒಂಟಿಯೋ ಬೇಗ ಆಗ್ಲಿ" ಅಂದರು.

ಒಳಗೆ ಕೌಂಟರಿನಲ್ಲಿದ್ದ ಹುಡುಗ ಅದನ್ನು ಕೇಳಿಸಿಕೊಂಡು ನಕ್ಕ. ಫೋನ್ ಯಾಕೆ ಅಂದ. ತಾತನದೂ ಅಪ್ಪನದೂ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಕೊಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ ಅಂದ. ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸುತ್ತಾರೆ, ಆಕ್ಷೇಪಣೆ ಇದ್ದರೆ ಹೇಳಿ ಅಂತ ನೋಟಿಸ್ ಕೊಡುತ್ತಾರೆ, ತಕರಾರಿಲ್ಲದಿದ್ದರೆ ರಾಜಸ್ವ ನಿರೀಕ್ಷಕರ ಹಂತದಲ್ಲೇ ಮುಗಿಯುತ್ತದೆ.

"ತಕರಾರು ಬಂದ್ರೆ?" ಅಂತ ಕೇಳಿದ್ದು ಪುಟ್ಟಿ. ಅವಳ ನೋಟ್‌ಬುಕ್ ಹೊರಗೆ ಬಂದಿತ್ತು.

ತಕರಾರು ಬಂದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಅದು ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಅದೂ ಸರಿಯಿಲ್ಲ ಅನ್ನಿಸಿದರೆ ಜಿಲ್ಲಾಧಿಕಾರಿಗೆ ಪುನರ್‌ಪರಿಶೀಲನೆ ಅರ್ಜಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 136ನೇ ಕಲಂ ಈ ಮೆಟ್ಟಿಲುಗಳನ್ನು ಹೇಳುತ್ತದೆ. ಇವರೆಲ್ಲ ಕಾರ್ಯಾಂಗದವರೇ, ಆದರೆ ಎರಡೂ ಕಡೆಯವರನ್ನು ಕೇಳಿ ತೀರ್ಮಾನ ಕೊಡುವಾಗ ನ್ಯಾಯಾಧೀಶರ ಹಾಗೆ ಕೂರುತ್ತಾರೆ. ಹಾಗಂತ ಅವರು ಕೋರ್ಟಲ್ಲ. ಜಮೀನು ಕೊನೆಗೂ ಯಾರದು ಅನ್ನುವ ಪ್ರಶ್ನೆ ಬಂದರೆ ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ.

"ಮತ್ತೆ ಎಂಎಲ್‌ಎಗೆ ಇಲ್ಲಿ ಏನೂ ಕೆಲ್ಸ ಇಲ್ವಾ?"

ಇದೆ. ಸರ್ಕಾರಿ ಜಮೀನು ಉಳುತ್ತಿರುವವರಿಗೆ ಸಕ್ರಮ ಮಾಡಿಕೊಡುವ ಬಗರ್ ಹುಕುಂ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅಲ್ಲಿ ಎರಡು ಅಂಗ ಒಂದೇ ಮೇಜಿನ ಮುಂದೆ ಕೂರುತ್ತವೆ. ಪುಸ್ತಕದಲ್ಲಿ ಗೆರೆ ಎಳೆದಷ್ಟು ನೇರ ಗೆರೆ ತಾಲ್ಲೂಕಿನಲ್ಲಿಲ್ಲ. ಆದರೆ ನಮ್ಮ ಪೌತಿ ಖಾತೆಗೆ ಶಾಸಕರ ಫೋನಿನ ಅಗತ್ಯವಿಲ್ಲ. ಕಾನೂನು ಸರಿಯಿಲ್ಲ ಅನ್ನಿಸಿದರೆ, ಅದನ್ನು ಬದಲಾಯಿಸಿ ಅಂತ ಕೇಳಲು ಅವರ ಹತ್ತಿರ ಹೋಗಬೇಕು. 1994ರ ಆ ಮದುವೆಯ ಷರತ್ತಿನ ಬಗ್ಗೆ ಕೇಳಬೇಕಿದ್ದ ಜಾಗ ಅದು. ನಮ್ಮ ಮನೆಯಿಂದ ಯಾರೂ ಕೇಳಿರಲಿಲ್ಲ.

ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅವ್ರ ಹೆಸ್ರು ಬರ್ಲಿ ಬಿಡು. ನಮ್ಮಪ್ಪನ ಜಮೀನಿಗೆ ನಾನೂ ಸಹಿ ಹಾಕಿ ಕೊಟ್ಟೆನಲ್ಲ, ನನ್ನನ್ನೂ ಯಾರು ಕೇಳಿದ್ರು" ಅಂದಳು. ಅಮ್ಮನ ತವರಿನ ಆ ಸಹಿಯ ವಿಷಯ ನನಗೆ ಅವತ್ತೇ ಗೊತ್ತಾಗಿದ್ದು.

ಹಾಸನ: ಬಾಗಿಲು ತೆಗೆಯುವವರು ಯಾರು

ವಾಪಸು ಬರುವಾಗ ಹಾಸನದ ಮೇಲೆ ಬಂದೆವು. ಹಾಸನಾಂಬೆಯ ಬಾಗಿಲು ತೆಗೆಯುವ ದಿನ ಹತ್ತಿರ ಬಂದಿತ್ತು. ಊರಲ್ಲಿ ಆಗಲೇ ಬ್ಯಾರಿಕೇಡು, ಕಂಬ, ದೀಪದ ಸರಗಳ ಗಡಿಬಿಡಿ. ವರ್ಷಕ್ಕೊಂದು ಸಲ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆಗೆದು ಬಲಿಪಾಡ್ಯಮಿಯ ಮಾರನೆಗೆಲ್ಲ ಮುಚ್ಚುವ ಬಾಗಿಲದು. ಮುಜರಾಯಿ ದೇವಸ್ಥಾನವಾದ್ದರಿಂದ ಬಾಗಿಲು ತೆಗೆಯುವಾಗಲೂ ಹಾಕುವಾಗಲೂ ಜಿಲ್ಲಾಡಳಿತದವರು ಹಾಜರಿರುತ್ತಾರೆ.

"ದೇವಸ್ಥಾನದ ಬಾಗಿಲು ತೆಗೆಯೋದೂ ಕಾರ್ಯಾಂಗನಾ!" ಪುಟ್ಟಿ ನಕ್ಕಳು. ಅತ್ತೆಯೂ ನಕ್ಕರು. ಮಧ್ಯಾಹ್ನದಿಂದ ಮೊದಲ ಸಲ.

ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ನ್ಯಾಯಾಲಯ. ಹಾಸನದಲ್ಲಿ ಇವನ್ನು ದಾಟುವಾಗ ಪುಟ್ಟಿ ಬೋರ್ಡು ಓದಿ ಅಂಗ ಹೇಳುವ ಆಟ ಶುರು ಮಾಡಿದಳು. ಕೋರ್ಟಿನ ಹತ್ತಿರ ಬಂದಾಗ ಕೇಳಿದಳು, "ಜನ ಓಟ್ ಹಾಕಿ ಗೆಲ್ಲಿಸಿದೋರನ್ನೂ ಕೋರ್ಟು ತೆಗೀಬೋದಾ?"

ಉದಾಹರಣೆಗೆ ದೂರ ಹೋಗಬೇಕಿರಲಿಲ್ಲ. 2019ರ ಹಾಸನ ಲೋಕಸಭಾ ಚುನಾವಣೆಯ ಫಲಿತಾಂಶವನ್ನು 2023ರ ಸೆಪ್ಟೆಂಬರ್ 1ರಂದು ಕರ್ನಾಟಕ ಹೈಕೋರ್ಟ್ ಅಸಿಂಧು ಅಂದಿತು. ಅಫಿಡವಿಟ್‌ನಲ್ಲಿ ಆಸ್ತಿ ವಿವರ ಸರಿಯಾಗಿ ತೋರಿಸಿಲ್ಲ ಅನ್ನುವುದು ಕಾರಣಗಳಲ್ಲೊಂದು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಚುನಾವಣಾ ತಕರಾರು ಅರ್ಜಿಯನ್ನು ವಿಚಾರಣೆ ಮಾಡುವುದು ಹೈಕೋರ್ಟಿನ ಕೆಲಸ, ಅದರ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಬಹುದು. ಆದರೆ ಕೋರ್ಟು ತಾನಾಗಿಯೇ ಹೋಗಿ ಯಾರನ್ನೂ ತೆಗೆಯಲಿಲ್ಲ. ಇಬ್ಬರು ಅರ್ಜಿ ಹಾಕಿದ್ದರಿಂದ ಕೇಳಿತು. ಸಾಮಾನ್ಯವಾಗಿ ಯಾರಾದರೂ ಬಾಗಿಲು ತಟ್ಟಿದಾಗಲೇ ನ್ಯಾಯಾಂಗ ಬಾಯಿ ತೆರೆಯುವುದು.

ಅತ್ತೆ ಕಿಟಕಿಯಾಚೆ ನೋಡುತ್ತಾ, "ತಟ್ಟೋಕೆ ಬಾಗ್ಲು ಎಲ್ಲೈತೆ ಅಂತ ಗೊತ್ತಿರ್ಬೇಕಲ್ಲಪ್ಪ ಮೊದ್ಲು" ಅಂದರು.

ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಇಳಿಯುವಾಗ ಅತ್ತೆ ಚೀಲದಿಂದ ಹತ್ತು ತೆಂಗಿನಕಾಯಿ ತೆಗೆದು ಡಿಕ್ಕಿಗೆ ಹಾಕಿಸಿದರು. ಐದು ನಮಗೆ, ಐದು ಚಿಕ್ಕಪ್ಪನಿಗೆ ಅಂತ ಬೆಳಿಗ್ಗೆಯೇ ಕಟ್ಟಿಟ್ಟಿದ್ದರಂತೆ. ಚಿಕ್ಕಪ್ಪನಿಗೆ ಕೊಡಲು ಅಲ್ಲಿ ಮರೆತೇಹೋಗಿತ್ತು. "ಮುಂದಿನ ಸಲ ಹೋದಾಗ ಕೊಡು. ಸಿಟ್ಟಲ್ಲಿ ಕೊಡಲಿಲ್ಲ ಅಂದ್ಕೊಂಡಾನು" ಅಂದರು.

ಮೂರು ತಿಂಗಳ ಮೇಲೆ ಒಂದು ರಾತ್ರಿ ಫೋನಿನಲ್ಲಿ ಭೂಮಿ ತಂತ್ರಾಂಶದ ಪಹಣಿ ತೆರೆದು ನೋಡಿದೆ. ಒಂಬತ್ತನೇ ಕಾಲಂನಲ್ಲಿ ತಾತ ಇರಲಿಲ್ಲ. ಜಂಟಿಯಾಗಿ ಚಿಕ್ಕಪ್ಪ, ಅಮ್ಮ, ನಾನು, ಅತ್ತೆ. ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸಿದೆ. ಅಷ್ಟರಲ್ಲಿ ಅತ್ತೆ ಸೊಸೈಟಿಗೆ ಬೇಕಾದ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿ ಕಳಿಸಿದ್ದರು. ಈ ಸಲ ಕನ್ನಡಕ ಹಾಕಿಕೊಂಡು, ತಾವೇ ಓದಿ.

ಪುಟ್ಟಿಗೆ ಐದಕ್ಕೆ ನಾಲ್ಕು ಬಂತಂತೆ. ಉತ್ತರದಲ್ಲಿ ಅಜ್ಜಿಯ ಪಹಣಿ ಬರೆದಿದ್ದಳು. ಒಂದು ಅಂಕ ಎಲ್ಲಿ ಹೋಯಿತು ಅಂತ ಅವಳು ಇನ್ನೂ ಹುಡುಕುತ್ತಿದ್ದಾಳೆ.

ಮಾರನೆ ದಿನ ಅತ್ತೆಯೇ ಫೋನ್ ಮಾಡಿದರು. "ನೋಡಿದೆ ಮಗಾ. ಪುಟ್ಟಿ ದೊಡ್ದು ಮಾಡಿ ತೋರಿಸಿದ್ಲು. ನನ್ ಹೆಸ್ರು ಮುಂದೆ ಕೋಂ ಅಂತ ನಿಮ್ಮ ಮಾವನ ಹೆಸ್ರು ಹಾಕವ್ರೆ."

"ಹೌದು ಅತ್ತೆ, ದಾಖಲೆಯಲ್ಲಿ ಹಾಗೇ ಬರೀತಾರೆ."

"ಹೊಲ ನಮ್ಮಪ್ಪಂದು. ಅಲ್ಲೂ ಗಂಡನ್ ಹೆಸ್ರೇನಾ?" ಅಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ ಕೇಳಿದರು, "ಇದನ್ನ ತಿದ್ದಿಸ್ಬೇಕು ಅಂದ್ರೆ ಯಾವ್ ಬಾಗ್ಲು ತಟ್ಬೇಕು?"